ಆಯಿಶುಮ್ಮನ ಎರಡು ಕಲ್ಲು

ಆಯಿಶುಮ್ಮನ ಹೆಸರನ್ನು ದೇವಕಿ ಮೊದಲು ಕೇಳಿದ್ದು ಕಾರಡ್ಕದ ಬಸ್ಸಿನಲ್ಲಿ. ಎರಡು ಸಾವಿರದ ಎರಡನೆಯ ಇಸವಿ, ಆಟಿ ತಿಂಗಳ ಮಳೆ. ನಾಲ್ಕನೇ ಕ್ಲಾಸಿನ ಮಗಳು ರಂಜಿನಿ ತಾಯಿಯ ತೊಡೆಗೆ ತಲೆಯಿಟ್ಟು ಮಲಗಿದ್ದಳು. ಬೆಳಿಗ್ಗೆ ಕುಡಿಸಿದ ಗಂಜಿನೀರು ಬಸ್ಸು ಹತ್ತುವ ಮೊದಲೇ ಹೊರಗೆ ಬಂದಿತ್ತು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಮಹಾಬಲ ಬಗ್ಗಿ ಹುಡುಗಿಯ ಮುಖ ನೋಡಿದ.

"ಅಕ್ಕ, ಇದರ ಕಣ್ಣು ನೋಡಿ. ಅರಸಿನ ಹಚ್ಚಿದ ಹಾಗೆ ಉಂಟು. ಇದು ಕಾಮಾಲೆ."

"ಆಸ್ಪತ್ರೆಗೇ ಹೋಗುವುದು ಮಾರಾಯ."

"ಹೋಗಿ, ಬೇಡ ಅಂತ ನಾನು ಹೇಳುವುದಿಲ್ಲ. ಆದ್ರೆ ಮೊಗ್ರಾಲಿನಲ್ಲಿ ಆಯಿಶುಮ್ಮ ಅಂತ ಒಬ್ರಿದ್ದಾರೆ. ಅವರ ಕೈಗುಣ ಅಂದ್ರೆ ಕೈಗುಣ. ನನಗೇ ಹೋದ ಮಳೆಗಾಲದಲ್ಲಿ ಗುಣ ಆದದ್ದು. ಆದಿತ್ಯವಾರ ಬೆಳಿಗ್ಗೆ ಹೋಗ್ಬೇಕು. ಹೊಟ್ಟೆಗೆ ಎಂತದೂ ಹಾಕ್ಬಾರ್ದು, ನೀರು ಸಹ. ದಾರಿಯಲ್ಲಿ ಯಾರ ಹತ್ರವೂ ಮಾತಾಡ್ಬಾರ್ದು."

ಹಿಂದಿನ ಸೀಟಿನ ಮುದುಕಿಯೊಬ್ಬಳು, "ಮಾತಾಡ್ಬಾರ್ದು ಅಂತಾದ್ರೆ ನಿನಗೆ ಮದ್ದು ಹಿಡಿದದ್ದು ಹೇಗೆ ಮಹಾಬಲ?" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ದೇವಕಿಗೂ ನಗು ಬಂತು. ಗಂಡ ತೀರಿಹೋದ ಮೇಲೆ ನಾಲ್ಕು ಜನರ ನಡುವೆ ಅವಳು ನಕ್ಕದ್ದು ಅದೇ ಮೊದಲು.

ಆಸ್ಪತ್ರೆಗೂ ತೋರಿಸಿದಳು, ಆದಿತ್ಯವಾರ ಮೊಗ್ರಾಲಿಗೂ ಹೋದಳು. ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿ ಹಂಚಿನ ಮನೆ. ಅಂಗಳದ ತುಂಬ ಜನ, ಆದರೆ ಕೆಮ್ಮಿದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜನಿವಾರದವರು, ಟೊಪ್ಪಿಯವರು, ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಬಂದವರು, ಎಲ್ಲರೂ ಬರೀ ಹೊಟ್ಟೆಯಲ್ಲಿ, ಬಾಯಿ ಮುಚ್ಚಿಕೊಂಡು ಕೂತಿದ್ದರು. ಜಗಲಿಯ ಮೇಲೆ ಆಯಿಶುಮ್ಮ. ಸಪೂರ ದೇಹ, ಬಿಳಿ ಕುಪ್ಪಾಯ, ತಲೆಗೆ ಬಿಳಿಯ ವಸ್ತ್ರ, ಕಿವಿಯ ಅಂಚಿನುದ್ದಕ್ಕೂ ಅಲಿಕತ್ತು ಓಲೆಗಳ ಸಾಲು. ಬಾಗಿಲಿನ ಎಡಕ್ಕೊಂದು, ಬಲಕ್ಕೊಂದು ಸಣ್ಣ ಕಡೆಯುವ ಕಲ್ಲು. ಬಂದವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಎಳೆದು ನೋಡುವುದು, ಉಗುರು ನೋಡುವುದು, ನಾಲಗೆ ಚಾಚಿಸುವುದು. ಆಮೇಲೆ ಯಾವುದೋ ಒಂದು ಕಲ್ಲಿನಿಂದ ಹಸಿರು ರಸ ತೆಗೆದು ತೆಂಗಿನ ಗೆರಟೆಯಲ್ಲಿ ಕೊಡುವುದು. ದುಡ್ಡು ಮುಟ್ಟುತ್ತಿರಲಿಲ್ಲ. ಮನಸ್ಸಿದ್ದವರು ಜಗಲಿಯ ಮೂಲೆಯಲ್ಲಿ ಒಂದು ತೆಂಗಿನಕಾಯಿ ಇಟ್ಟು ಹೋಗಬಹುದು.

ರಂಜಿನಿಗೆ ಬಲಗಡೆಯ ಕಲ್ಲಿನಿಂದ ಕೊಟ್ಟರು. "ಉಪ್ಪಿಲ್ಲ, ಎಣ್ಣೆಯಿಲ್ಲ, ಒಂದು ತಿಂಗಳು" ಎಂದು ದೇವಕಿಗೆ ಹೇಳಿ, ಅವಳ ಮುಖವನ್ನೇ ನೋಡಿದರು. "ನೀನು ಉಂಡು ಎಷ್ಟು ದಿವಸ ಆಯ್ತು?"

ಕಣ್ಣಿನ ಹಳದಿ ಹೋಗುವಷ್ಟರಲ್ಲಿ ತಾಯಿ ಮಗಳು ಆ ಮನೆಯ ಹಿಂದಿನ ಬಿಡಾರಕ್ಕೇ ಬಂದು ಸೇರಿದ್ದರು. "ಬೀಡಿ ಎಲ್ಲಿ ಕೂತು ಕಟ್ಟಿದರೂ ಬೀಡಿಯೇ ಅಲ್ವಾ? ಇಲ್ಲೇ ಕೂತು ಕಟ್ಟು. ಆದಿತ್ಯವಾರ ನನಗೊಂದು ಕೈ ಬೇಕು" ಎಂದರು ಆಯಿಶುಮ್ಮ. ಕಾರಡ್ಕದಲ್ಲಿ ಮೈದುನನ ಮನೆಯ ಮೂಲೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ದೇವಕಿಗೆ, ತನ್ನ ಕೈ ಬೇಕು ಎಂದು ಯಾರೋ ಹೇಳಿದ್ದೇ ದೊಡ್ಡದಾಗಿ ಕಂಡಿತು.

ಕಲ್ಲು ತೊಳೆಯುವ ಕೆಲಸ ಸಿಕ್ಕಿದ ಮೇಲೆ ದೇವಕಿಗೆ ಒಂದು ಸಂಗತಿ ಗೊತ್ತಾಯಿತು. ಬಲದ ಕಲ್ಲಿನಲ್ಲಿ ಕಡೆಯುವುದು ಆಯಿಶುಮ್ಮ ಸ್ವತಃ ಹೋಗಿ ಕಿತ್ತು ತರುವ ಬೇರು, ಎಲೆ. ಅದರ ಕಹಿ ತೊಳೆದ ಕೈಯಲ್ಲಿ ಮಧ್ಯಾಹ್ನದವರೆಗೂ ಇರುತ್ತಿತ್ತು. ಎಡದ ಕಲ್ಲಿನಲ್ಲಿ ಪುದೀನ, ಜೀರಿಗೆ, ಒಂದು ಚೂರು ಶುಂಠಿ. ಅಷ್ಟೇ.

"ಇದು ಎಂತ ಆಯಿಶುಮ್ಮ? ಇದು ಚಟ್ನಿಗೆ ಹಾಕುವುದಲ್ವಾ?"

ಆಯಿಶುಮ್ಮ ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದರು: "ಹತ್ತು ಜನ ಬಂದ್ರೆ ಕಾಮಾಲೆ ಇರುವುದು ಇಬ್ಬರಿಗೆ. ಉಳಿದವರಿಗೆ ಆಯಾಸ, ಅಜೀರ್ಣ, ಇಲ್ಲದಿದ್ರೆ ಹೆಂಡತಿಯ ಹತ್ರ ಜಗಳ. ಉಪ್ಪಳದಿಂದ ಬೆಳಕು ಹರಿಯುವಾಗ ಹೊರಟು, ಬರೀ ಹೊಟ್ಟೆಯಲ್ಲಿ, ಬಾಯಿ ಮುಚ್ಚಿಕೊಂಡು ಬಂದವನಿಗೆ ನಿನಗೆ ಎಂತದೂ ಇಲ್ಲ, ಮನೆಗೆ ಹೋಗು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅಷ್ಟು ಜನರೆದುರು ಅವನಿಗೆ ನಾಚಿಕೆ ಆಗುವುದಿಲ್ವಾ? ಕುಡಿದು ಹೋಗ್ಲಿ. ಪುದೀನ ಯಾರನ್ನೂ ಕೊಲ್ಲುವುದಿಲ್ಲ."

ಪುದೀನ ಕುಡಿದವರಿಗೆಲ್ಲ ವಾರದೊಳಗೆ ಗುಣವಾಗುತ್ತಿತ್ತು. ಅವರು ಹೋದಲ್ಲೆಲ್ಲ ಆಯಿಶುಮ್ಮನ ಹೆಸರು ಹೇಳುತ್ತಿದ್ದರು. ನಿಜವಾದ ಕಾಮಾಲೆಯವರಿಗಿಂತ ಇವರದ್ದೇ ಬಾಯಿ ಜೋರು. ಅಂಥ ಹೊಗಳಿಕೆ ಕಿವಿಗೆ ಬಿದ್ದಾಗ ಆಯಿಶುಮ್ಮ ತಲೆಯ ವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕೂರುವುದನ್ನು ದೇವಕಿ ಎಷ್ಟೋ ಸಲ ನೋಡಿದ್ದಳು. ಅವರಿಗೆ ಹೊಲ ಗದ್ದೆ ಇರಲಿಲ್ಲ, ಗಲ್ಫಿನಿಂದ ದುಡ್ಡು ಕಳಿಸುವ ಮಕ್ಕಳೂ ಇರಲಿಲ್ಲ. ಇದ್ದದ್ದು ವ್ಯಾನು ಓಡಿಸುವ ಮೊಮ್ಮಗ ಶಮೀರ್ ಮತ್ತು ಆ ಹೆಸರು.

ಹೀಗೆ ಎಂಟು ಮಳೆಗಾಲ ಕಳೆಯಿತು. ಜನರಿಗೆ ಗೆರಟೆ ಕೊಡುವ ಕೆಲಸ ರಂಜಿನಿಯದ್ದು. ಊರಿನ ಅರ್ಧ ಜನ ಅವಳ ಕೈಯಿಂದ ಮದ್ದು ಕುಡಿದವರೇ. ಪ್ಲಸ್ ಟು ಓದುವಾಗ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ದೇವಕಿ ತಾನಾಗಿಯೇ ಎಡದ ಕಲ್ಲಿನ ರಸ ಕೊಟ್ಟು ನೋಡಿದಳು. ಒಂದು ದಿನ ಆಯಿಶುಮ್ಮ ಹುಡುಗಿಯ ಉಗುರನ್ನು ಬಹಳ ಹೊತ್ತು ಹಿಡಿದು ನೋಡಿ, "ಇದಕ್ಕೆ ನನ್ನ ಎರಡು ಕಲ್ಲೂ ಸಾಲುವುದಿಲ್ಲ. ನಾಳೆಯೇ ಮಂಗ್ಳೂರಿಗೆ ಕರ್ಕೊಂಡು ಹೋಗು" ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಿದರೆ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ತೂತು ಇತ್ತು. ಆಪರೇಷನ್ ಆಗಲೇಬೇಕು, ಬೇಗ ಆಗಬೇಕು ಎಂದರು ಡಾಕ್ಟರು. ಅದಕ್ಕೆ ರಕ್ತ ಬೇಕು. ಯಾವ ಗುಂಪಿನದ್ದಾದರೂ ಸರಿ, ನಿಮ್ಮ ಕಡೆಯವರು ಬಂದು ಕೊಟ್ಟರೆ ನಾವು ಮಗುವಿಗೆ ಬೇಕಾದದ್ದನ್ನು ನಮ್ಮಲ್ಲಿರುವುದರಿಂದ ತೆಗೆದಿಡುತ್ತೇವೆ ಎಂದರು. ದೇವಕಿಗೆ 'ನಮ್ಮ ಕಡೆಯವರು' ಎಂದು ಹೇಳಿಕೊಳ್ಳಲು ಯಾರಿದ್ದಾರೆ? ಆ ಮಾತನ್ನು ಅವಳು ಮನೆಯಲ್ಲಿ ಹೇಳಿದ ಸಂಜೆಯೇ ಶಮೀರ್ ಹೊರಟ. ಮೀನು ಮಾರುವ ಮಮ್ಮುಂಞಿಯ ಹತ್ತಿರ ಹೇಳಿದ, ಬಸ್ಸು ನಿಲ್ಲಿಸಿ ಮಹಾಬಲನ ಹತ್ತಿರ ಹೇಳಿದ. ಅವರು ಊರಿಗೆಲ್ಲ ಹೇಳಿದರು. "ಗೆರಟೆ ಕೊಡುವ ಹುಡುಗಿಗಾ? ಬರದೆ ಎಂತ!" ಎಂದು ಎರಡು ವ್ಯಾನಿನಷ್ಟು ಜನ ಒಪ್ಪಿದರು.

ಹೋಗುವ ದಿನ ಬೆಳಿಗ್ಗೆ ಅಂಗಳದಲ್ಲಿ ಜನ ಸೇರಿದ್ದರು. ದೇವಕಿ ಚಹಾ ಮಾಡಿ ತಂದರೆ ಒಬ್ಬರೂ ಮುಟ್ಟಲಿಲ್ಲ. ಕೈಸನ್ನೆಯಲ್ಲೇ ಬೇಡ ಎಂದರು. ವ್ಯಾನು ತಲಪಾಡಿ ದಾಟಿದರೂ ಯಾರ ಬಾಯಿಂದಲೂ ಒಂದು ಶಬ್ದವಿಲ್ಲ. ಶಮೀರನಿಗೆ ತಡೆಯಲಿಲ್ಲ. "ಎಂತ ಮಾರಾಯ್ರೆ, ಸತ್ತ ಮನೆಗೆ ಮಯ್ಯತ್ತಿಗೆ ಹೋಗುವ ಹಾಗೆ ಕೂತಿದ್ದೀರಿ?" ಎಂದು ಕೇಳಿದ. ಮಮ್ಮುಂಞಿ ತುಟಿಯ ಮೇಲೆ ಬೆರಳಿಟ್ಟು ಆಕಾಶ ತೋರಿಸಿದ. ಮುಂದಿನ ಸೀಟಿನಲ್ಲಿ, ಆಸ್ಪತ್ರೆಗೆ ಸೇರಿಸಿದ್ದ ರಂಜಿನಿಯನ್ನು ನೋಡಲೆಂದು ಹೊರಟ ಆಯಿಶುಮ್ಮ ಕೂತಿದ್ದರು. ಅವರಿಗೂ ಏನೂ ಅರ್ಥವಾಗಲಿಲ್ಲ.

ಅರ್ಥವಾದದ್ದು ಆಸ್ಪತ್ರೆಯಲ್ಲಿ. ರಕ್ತ ತೆಗೆಯುವಲ್ಲಿ ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರು ಇದ್ದಳು. ಎಲ್ಲರನ್ನೂ ಬೆಂಚಿನಲ್ಲಿ ಕೂರಿಸಿ ಮೊದಲೇ ಹೇಳಿದಳು: ಹದಿನೆಂಟು ತುಂಬಿರಬೇಕು, ಅರುವತ್ತು ದಾಟಿರಬಾರದು, ತೂಕ ನಲ್ವತ್ತೈದು ಕಿಲೋ ಆದರೂ ಬೇಕು, ಈ ಮೂರು ತಿಂಗಳಲ್ಲಿ ರಕ್ತ ಕೊಟ್ಟಿರಬಾರದು, ನಿನ್ನೆಯಿಂದ ಈಚೆಗೆ ಕುಡಿದಿರಬಾರದು, ಹಚ್ಚೆ ಹಾಕಿಸಿಕೊಂಡವರು, ನಾಯಿ ಕಚ್ಚಿ ಇಂಜೆಕ್ಷನ್ ತೆಗೆದುಕೊಂಡವರು ಈಗಲೇ ಹೇಳಬೇಕು.

"ಮತ್ತೆ, ಎಲ್ಲರೂ ತಿಂಡಿ ತಿಂದಿದ್ದೀರಲ್ಲ?"

ಮಮ್ಮುಂಞಿ ಎದ್ದು ನಿಂತ. ಅಷ್ಟು ಹೊತ್ತು ಕಟ್ಟಿಟ್ಟ ಮಾತು ಒಮ್ಮೆಲೇ ಬಂತು. "ಒಂದು ತೊಟ್ಟು ನೀರು ಸಹ ಇಲ್ಲ ಡಾಕ್ಟ್ರೇ! ಒಬ್ಬನೂ ಮುಟ್ಟಿಲ್ಲ! ದಾರಿಯಲ್ಲಿ ಮಾತು ಸಹ ಆಡಿಲ್ಲ, ಬೇಕಾದ್ರೆ ಈ ಶಮೀರನ ಹತ್ರ ಕೇಳಿ!"

"ಅಯ್ಯೋ ದೇವರೇ! ಬರೀ ಹೊಟ್ಟೆಯಲ್ಲಿ ರಕ್ತ ಕೊಟ್ರೆ ತಲೆ ತಿರುಗಿ ಬೀಳ್ತೀರಿ. ತಿಂದೇ ಬರ್ಬೇಕು ಇದಕ್ಕೆ. ಮಾತಾಡ್ಬಾರ್ದು ಅಂತ ನಿಮಗೆ ಹೇಳಿದ್ದು ಯಾರು?"

ಎಲ್ಲರೂ ಆಯಿಶುಮ್ಮನ ಕಡೆ ನೋಡಿದರು. ಆಯಿಶುಮ್ಮ ಗೋಡೆಯ ಕಡೆ ನೋಡಿದರು.

ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ವಾಪಸು ಬಂದರು. ದೇವಕಿ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಆದರೆ ಅವಳನ್ನು ತೂಕದ ಯಂತ್ರವೇ ಬೇಡ ಎಂದಿತು. ಆಮೇಲೆ ಡಾಕ್ಟರು ಒಬ್ಬೊಬ್ಬರನ್ನೇ ಕರೆದು ಕೇಳತೊಡಗಿದಳು. ಬಾಗಿಲು ತೆರೆದೇ ಇತ್ತು. ಮೊದಲು ಮಹಾಬಲ.

"ಕಾಮಾಲೆ ಏನಾದರೂ ಆಗಿತ್ತಾ?"

"ಆಗಿತ್ತು. ಹೋದ ಮಳೆಗಾಲದಲ್ಲಿ ಸಹ ಮದ್ದು ಕುಡಿದೆ."

"ಹಾಗಾದ್ರೆ ಈಗ ಆಗುವುದಿಲ್ಲ. ಗುಣ ಆಗಿ ಒಂದು ವರ್ಷ ಕಳೀಬೇಕು. ಕಾಮಾಲೆಯ ರೋಗ ರಕ್ತದಲ್ಲಿ ಉಳಿದಿದ್ರೆ ರೋಗಿಗೆ ಹೋಗ್ತದೆ."

ಎರಡನೆಯವನೂ ಹೌದು ಎಂದ, ಮೂರನೆಯವನೂ ಹೌದು ಎಂದ. ಮಮ್ಮುಂಞಿ ಹೆಮ್ಮೆಯಿಂದ, "ನನಗೆ ಮೂರು ಸಲ!" ಎಂದ. ಡಾಕ್ಟರಿಗೆ ಗಾಬರಿಯಾಯಿತು. ಹೊರಗೆ ಬಂದು, "ನಿಮ್ಮ ಊರಿನಲ್ಲಿ ಯಾರಿಗಾದರೂ ಕಾಮಾಲೆ ಆಗದೆ ಉಳಿದದ್ದುಂಟಾ?" ಎಂದು ಕೇಳಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ಹೀಗಾದ್ರೆ ಇಬ್ಬರು ಮೂವರು ಸಿಗಬಹುದು, ಅಷ್ಟೇ. ಆಪರೇಷನ್ ಮುಂದೆ ಹಾಕ್ಬೇಕಾಗ್ತದೆ. ಹಾಕದಿದ್ರೆ ಒಳ್ಳೆಯದಿತ್ತು."

ಈ ಜನರಲ್ಲಿ ಹೆಚ್ಚಿನವರು ಕುಡಿದದ್ದು ಪುದೀನ ಎಂದು ದೇವಕಿಗೆ ಗೊತ್ತು. ಒಂದು ಮಾತು ಹೇಳಿದರೆ ಸಾಕು. ಆದರೆ ಆ ಮಾತು ಅವಳದ್ದಲ್ಲ. ಅದನ್ನು ಹೇಳಿದರೆ ಮೊಗ್ರಾಲಿನಲ್ಲಿ ಆಯಿಶುಮ್ಮನಿಗೆ ಇದ್ದ ಒಂದೇ ಒಂದು ಆಸ್ತಿ ಹೋಗುತ್ತದೆ. ತನ್ನನ್ನೂ ಮಗುವನ್ನೂ ಒಳಗೆ ಕರೆದು ಅನ್ನ ಹಾಕಿದವರ ಹೆಸರನ್ನು ನೂರು ಜನ ಓಡಾಡುವ ಜಾಗದಲ್ಲಿ ಹೇಗೆ ಕಳೆಯುವುದು? ಹೇಳದಿದ್ದರೆ ಮೇಲಿನ ವಾರ್ಡಿನಲ್ಲಿ ಮಗಳಿದ್ದಾಳೆ. ಅವಳು ಆಯಿಶುಮ್ಮನ ಕಡೆ ನೋಡಲೂ ಇಲ್ಲ. ನೋಡಿದರೆ ಕೇಳಿದ ಹಾಗೆ ಆಗುತ್ತದೆ ಎಂದು ನೆಲವನ್ನೇ ನೋಡುತ್ತ ನಿಂತಳು.

ಕೈಯಲ್ಲಿದ್ದ ತಸ್ಬಿ ಜಪಮಣಿಯನ್ನು ಆಯಿಶುಮ್ಮ ಮುಷ್ಟಿಯೊಳಗೆ ಮುಚ್ಚಿದರು. ಬೆಂಚು ಹಿಡಿದು ಎದ್ದರು.

"ಡಾಕ್ಟ್ರೇ, ಇವರಿಗೆ ಕಾಮಾಲೆ ಆಗಿರಲಿಲ್ಲ."

"ನೀವು ಯಾರು?"

"ಇವರಿಗೆ ಮದ್ದು ಕೊಟ್ಟವಳು. ನನ್ನ ಹತ್ರ ಎರಡು ಕಲ್ಲುಂಟು. ಕಾಮಾಲೆ ಇದ್ದವರಿಗೆ ಬಲದ್ದು. ಇಲ್ಲದವರಿಗೆ ಎಡದ್ದು. ಎಡದ್ದರಲ್ಲಿ ಇರುವುದು ಪುದೀನ, ಜೀರಿಗೆ. ಇವರೆಲ್ಲ ಎಡದ ಕಲ್ಲಿನವರು."

ಬೆಂಚಿನಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು.

"ಪುದೀನವಾ!" ಎಂದ ಮಮ್ಮುಂಞಿ. "ಆದ್ರೆ ನನಗೆ ಮೂರು ಸಲವೂ ಗುಣ ಆಯ್ತಲ್ಲ ಆಯಿಶುಮ್ಮ!"

"ನಾಲ್ಕು ದಿವಸ ಸೈಕಲ್ ತುಳಿಯದೆ ಮನೆಯಲ್ಲಿ ಮಲಗಿ ಗಂಜಿ ಉಂಡೆಯಲ್ಲ, ಅದರಿಂದ ಗುಣ ಆದದ್ದು."

ಮಹಾಬಲನ ಮುಖ ಕಪ್ಪಾಗಿತ್ತು. "ನಾನು ಒಂದು ತಿಂಗಳು ಉಪ್ಪು ಬಿಟ್ಟಿದ್ದೆ ಉಮ್ಮ. ಒಂದು ತಿಂಗಳು! ಮನೆಯಲ್ಲಿ ಬಂಗುಡೆ ಸಾರು ಮಾಡಿದ ದಿವಸ ಸಹ!"

"ಬಿಡ್ಲಿಕ್ಕೆ ನಿನಗೆ ನಾನು ಹೇಳಿದ್ನಾ? ಪಥ್ಯ ಹೇಳಿದ್ದು ಬಲದ ಕಲ್ಲಿನವರಿಗೆ. ಪಕ್ಕದವನಿಗೆ ಹೇಳಿದ್ದನ್ನು ಕೇಳಿ ನೀನೇ ಬಿಟ್ಟದ್ದು."

ಬೆಂಚಿನಲ್ಲಿ ಯಾರೋ ಫಕ್ಕನೆ ನಕ್ಕರು. ಮಹಾಬಲ ನಗಲಿಲ್ಲ.

ಡಾಕ್ಟರು ಆಯಿಶುಮ್ಮನ ಮಾತನ್ನು ಹಾಗೆಯೇ ನಂಬಲಿಲ್ಲ. "ಅಜ್ಜಿ, ನೀವು ಹೇಳಿದ್ದು ಸಹಾಯ ಆಯ್ತು. ಆದ್ರೆ ನಾನು ನನ್ನ ರೀತಿಯಲ್ಲಿ ಕೇಳ್ಬೇಕು. ತೆಗೆದ ರಕ್ತವನ್ನು ನಾವು ಹೇಗೂ ಪರೀಕ್ಷೆ ಮಾಡ್ತೇವೆ. ಅದಕ್ಕಿಂತ ಮೊದಲು ನೀವೆಲ್ಲ ನಿಜ ಹೇಳ್ಬೇಕು, ಅದೇ ಮುಖ್ಯ" ಎಂದಳು. ಪುನಃ ಒಬ್ಬೊಬ್ಬರನ್ನೇ ಕೂರಿಸಿ, ಕಣ್ಣು ಹಳದಿ ಆಗಿತ್ತಾ, ಮೂತ್ರದ ಬಣ್ಣ ಹೇಗಿತ್ತು, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ದುಂಟಾ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಎಂದು ಕೇಳಿದಳು. ಮದ್ದು ಕುಡಿದದ್ದು ಹೌದು, ಕಣ್ಣು ಹಳದಿಯಾದದ್ದು ಯಾರಿಗೂ ಇಲ್ಲ. ಇಬ್ಬರ ರಕ್ತದಲ್ಲಿ ಬಲ ಸಾಲದು ಎಂದು ಅವರನ್ನು ಬಿಟ್ಟಳು. ಬಿಪಿಯ ಮಾತ್ರೆ ಶುರುಮಾಡಿದ ಒಬ್ಬನನ್ನು ಬಿಟ್ಟಳು. ಉಳಿದವರಿಗೆ ಬನ್ನಿ ಎಂದಳು.

ಮಹಾಬಲ ಮಲಗಿ ಕೈ ಚಾಚಿದ. ಪಕ್ಕದ ಮಂಚದಲ್ಲಿ ಶಮೀರ್ ಅಂಗಿಯ ತೋಳು ಮಡಚಿ ಮಲಗುವುದರಲ್ಲಿದ್ದ. ಅವನನ್ನು ಕೇಳಿದಾಗ ಕಾಮಾಲೆ ಆಗಿಲ್ಲ ಎಂದು ಹೇಳಿ ಬಂದಿದ್ದ.

"ಅವನನ್ನು ಎಬ್ಬಿಸಿ" ಎಂದರು ಆಯಿಶುಮ್ಮ, ಬಾಗಿಲಿನಿಂದ. "ಅವನು ಬಲದ ಕಲ್ಲಿನವ. ಮಳೆ ಹಿಡಿದಾಗ ಆದದ್ದು, ಇನ್ನೂ ಅರ್ಧ ವರ್ಷ ಆಗಿಲ್ಲ."

"ಉಮ್ಮಾಮ! ಈಗ ನಾನು ಸರಿ ಇದ್ದೇನಲ್ಲ. ನೋಡಿ, ಆನೆ ಹಾಗೆ ಇದ್ದೇನೆ. ಇಷ್ಟು ಜನರನ್ನು ಸೇರಿಸಿದ್ದು ನಾನು, ನಾನೇ ಕೊಡದಿದ್ರೆ ಹೇಗೆ? ರಂಜಿನಿ ನನಗೆ ತಂಗಿ ಅಲ್ವಾ?"

"ತಂಗಿ ಅಂತಲೇ ಹೇಳುವುದು. ಏಳು. ಆನೆಗೂ ಒಂದು ವರ್ಷ ಕಳೀಲಿ."

ಶಮೀರ್ ಕಣ್ಣು ಒರೆಸಿಕೊಂಡು ಇಳಿದ. ಡಾಕ್ಟರು ಅವನ ಬೆನ್ನು ತಟ್ಟಿ, "ಒಂದು ವರ್ಷ ಕಳೆದ ಮೇಲೆ ಬಾ, ಪರೀಕ್ಷೆ ಮಾಡಿ ನೋಡುವ" ಎಂದಳು. ಆ ಹೊತ್ತು ದೇವಕಿಗೆ ಆಯಿಶುಮ್ಮನ ಕಾಲು ಹಿಡಿಯಬೇಕೆನಿಸಿತು. ಆದರೆ ಅವರು ಮುಖ ತಿರುಗಿಸಿಕೊಂಡು ವಾರ್ಡಿನ ಮೆಟ್ಟಿಲು ಹತ್ತುತ್ತಿದ್ದರು.

ಆಪರೇಷನ್ ಹೇಳಿದ ದಿನವೇ ಆಯಿತು.

ಊರಿನಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ಮೀನು ಮಾರ್ಕೆಟಿನಲ್ಲಿ 'ಪುದೀನ ಉಮ್ಮ' ಎಂಬ ಹೆಸರು ಹುಟ್ಟಿತು. ಮುಂದಿನ ಆದಿತ್ಯವಾರ ದೇವಕಿ ಆಸ್ಪತ್ರೆಯಿಂದ ಒಂದು ಗಳಿಗೆಗೆ ಬಂದವಳು ಅಂಗಳ ಗುಡಿಸಿ ಕಾದಳು. ಆಯಿಶುಮ್ಮ ಎಂದಿನ ಹಾಗೆ ಎರಡೂ ಕಲ್ಲಿನಲ್ಲಿ ಕಡೆದಿಟ್ಟು ಕೂತರು. ಬಂದದ್ದು ಒಂದು ಮಗುವನ್ನು ಎತ್ತಿಕೊಂಡ ದೂರದ ಊರಿನ ಹೆಂಗಸು ಮಾತ್ರ. ಎಡದ ಕಲ್ಲಿನ ಪುದೀನ ಮಧ್ಯಾಹ್ನದ ಹೊತ್ತಿಗೆ ಕಪ್ಪಾಯಿತು. ಆಯಿಶುಮ್ಮ ಅದನ್ನು ಬಳಿದು ತೆಂಗಿನ ಬುಡಕ್ಕೆ ಹಾಕಿದರು. "ಒಳ್ಳೆಯದಾಯ್ತು. ಬೆನ್ನು ನೋಯುವುದು ತಪ್ಪಿತು" ಎಂದರು. ತಲೆಯ ವಸ್ತ್ರ ಸರಿಮಾಡಿಕೊಳ್ಳಲಿಲ್ಲ.

ರಂಜಿನಿ ಮನೆಗೆ ಬಂದದ್ದು ಶಮೀರನ ವ್ಯಾನಿನಲ್ಲಿ. ಓಣಿಯಲ್ಲಿ ಇಳಿದು, ಯಾರ ಕೈಯನ್ನೂ ಹಿಡಿಯದೆ ಜಗಲಿಯ ಮೆಟ್ಟಿಲು ಹತ್ತಿದಳು. ಓಣಿಯ ಎರಡೂ ಬದಿಯ ಮನೆಯವರು ಅದನ್ನು ನಿಂತು ನೋಡಿದರು. ಮರುದಿನ ಆದಿತ್ಯವಾರ. ದೇವಕಿ ಬಾಗಿಲು ತೆಗೆದರೆ ಅಂಗಳದಲ್ಲಿ ಜನ, ಎದುರಿಗೇ ಮಹಾಬಲ. ಈ ಸಲ ಯಾರೂ ಬಾಯಿ ಮುಚ್ಚಿರಲಿಲ್ಲ. ಗಲಾಟೆಯೋ ಗಲಾಟೆ.

"ಉಮ್ಮ, ಎರಡು ದಿವಸದಿಂದ ನನಗೆ ಮೈ ಭಾರ. ಎಡದ್ದಾ ಬಲದ್ದಾ, ಬಾಯಿ ಬಿಟ್ಟು ಹೇಳಿ. ಮೂರು ತಿಂಗಳು ಕಳೆದ್ರೆ ನನಗೆ ಪುನಃ ರಕ್ತ ಕೊಡ್ಲಿಕ್ಕುಂಟು."

ಆಯಿಶುಮ್ಮ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, "ನಿನಗೆ ಎಂತದೂ ಇಲ್ಲ, ಮನೆಗೆ ಹೋಗು" ಎಂದರು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಬಂದೇಬಿಟ್ಟಿತು.

"ಹೋಗ್ತೇನೆ. ಪುದೀನ ಕೊಡಿ ಮತ್ತೆ. ಇಷ್ಟು ದೂರ ಬಂದದ್ದಲ್ವಾ?"

ಅಂಗಳವೆಲ್ಲ ನಗುವಾಗ ಆಯಿಶುಮ್ಮನ ಕೈ ತಲೆಯ ವಸ್ತ್ರಕ್ಕೆ ಹೋದದ್ದನ್ನು ದೇವಕಿ ನೋಡಿದಳು.

ಅಲ್ಲಿಂದ ಮೇಲೆ ಅವರು ಎಲ್ಲರಿಗೂ ಬಾಯಿ ಬಿಟ್ಟೇ ಹೇಳಿದರು. ಬಲದ ಕಲ್ಲಿಗೆ ಬಂದವರನ್ನು ಮೊದಲು ಆಸ್ಪತ್ರೆಗೆ ಕಳಿಸಿ, ಪರೀಕ್ಷೆ ಮಾಡಿಸಿಕೊಂಡು ಬಾ ಎಂದರು. ಅದರಿಂದ ಜನ ಕಡಿಮೆಯಾಗಲಿಲ್ಲ. ಮೊಗ್ರಾಲಿನ ಶಾಲೆಯಲ್ಲಿ ಹುಡುಗರು ರಕ್ತದಾನದ ಶಿಬಿರ ಮಾಡಿದಾಗ ಗೇಟಿನಲ್ಲಿ ಕುರ್ಚಿ ಹಾಕಿ ಕೂತದ್ದು ಆಯಿಶುಮ್ಮ. ಬಂದವರಿಗೆಲ್ಲ ಅವರದ್ದು ಎರಡೇ ಪ್ರಶ್ನೆ: "ತಿಂದಿದ್ದೀಯಾ? ನಿಜ ಹೇಳ್ತೀಯಾ?" ತಿನ್ನದವರಿಗೆ ದೇವಕಿ ಬೆಳಿಗ್ಗೆ ಬೇಯಿಸಿದ ಅಕ್ಕಿಯ ಪುಂಡಿ ಕಡುಬು ಇತ್ತು. ವರ್ಷ ಕಳೆದು, ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾದ ಮೇಲೆ ಶಮೀರ್ ಎಲ್ಲರಿಗಿಂತ ಮೊದಲು ಹೋಗಿ ಮಲಗಿದ. ಮಂಗಳೂರಿನಿಂದ ಬಂದ ಅದೇ ಡಾಕ್ಟರು ಅವನನ್ನು ಗುರುತು ಹಿಡಿದು, "ಆನೆ ಬಂತಲ್ಲ" ಎಂದಳು. ಗೇಟಿನಲ್ಲಿದ್ದ ಆಯಿಶುಮ್ಮನಿಗೆ ಅದು ಕೇಳಿಸಿತು. ಆ ದಿನ ಅವರು ಕೂತದ್ದನ್ನು ನೋಡಿದ್ದರೆ, ಶಾಲೆ ಅವರದ್ದೇ ಎಂದುಕೊಳ್ಳಬೇಕಿತ್ತು.

ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಅವರು ಮಲಗಿದರು. ರೋಗವೆಂದು ಹೇಳಲು ಏನೂ ಇರಲಿಲ್ಲ, ಪ್ರಾಯವಾಗಿತ್ತು. ಅಗಲ್ಪಾಡಿಯಲ್ಲಿ ಟೀಚರಾಗಿದ್ದ ರಂಜಿನಿ ರಜೆ ಹಾಕಿ ಬಂದು ಕಾಲು ಒತ್ತುತ್ತಿದ್ದಳು. ಶಮೀರನ ಹೆಂಡತಿ ರಂಶೀನಾ ಗಂಜಿನೀರು ಕುಡಿಸಿದರೆ ಅದು ಒಳಗೆ ನಿಲ್ಲುತ್ತಿರಲಿಲ್ಲ. ದೇವಕಿ ಮಂಚದ ಪಕ್ಕದಲ್ಲಿ ಬೀಡಿಯ ಮೊರ ಇಟ್ಟುಕೊಂಡು ಕೂತಿರುತ್ತಿದ್ದಳು. ಆ ಬೆಳಿಗ್ಗೆ ಆಯಿಶುಮ್ಮ ಕಣ್ಣು ಬಿಟ್ಟು, ತಮ್ಮ ಉಗುರನ್ನು ತಾವೇ ನೋಡಿಕೊಂಡರು.

"ದೇವಕಿ, ನನ್ನ ಕಣ್ಣು ನೋಡು. ಹಳದಿ ಉಂಟಾ?"

ದೇವಕಿ ಹೆಬ್ಬೆರಳಿನಲ್ಲಿ ರೆಪ್ಪೆ ಎಳೆದು, ಅವರು ನೋಡುತ್ತಿದ್ದ ಹಾಗೆಯೇ ನೋಡಿದಳು. "ಇಲ್ಲ ಆಯಿಶುಮ್ಮ. ಬೆಳ್ಳಗೆ ಉಂಟು."

"ಹಾಗಾದ್ರೆ ಎಡದ್ದು ಸಾಕು. ಸ್ವಲ್ಪ ಕಡೆದು ತಾ. ಊರಿಗೆಲ್ಲ ಕುಡಿಸಿದೆ, ನಾನು ಒಂದು ದಿವಸವೂ ಕುಡಿದು ನೋಡಿಲ್ಲ. ಅಂಥದ್ದು ಎಂತ ಉಂಟು ಅದರಲ್ಲಿ, ನೋಡುವ."

ದೇವಕಿ ಪುದೀನ ಕೀಳಲು ಎದ್ದಳು. ಬಾಗಿಲು ದಾಟುವಾಗ ಹಿಂದಿನಿಂದ ಪುನಃ ಕರೆದರು.

"ಉಪ್ಪು ಹಾಕು ಆಯ್ತಾ. ನನಗೆ ಪಥ್ಯ ಇಲ್ಲ."